ಅಡಿಕೆ ಸುಲಿಯುವಾಗ ಕೇಳುವ ಕ್ಯಾಸೆಟ್

ಒಳ್ಳೆಯ ಕ್ಯಾಸೆಟ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟೆ. ರಾತ್ರಿ ಚಾಲಿ ಸುಲಿಯಲಿಕ್ಕೆ ಕೂತಾಗ ಎರಡೂ ಬದಿ ಪೂರ್ತಿ ಕೇಳಬೇಕು. ನಡುವೆ ಎದ್ದು ಹೋಗಿ ಮುಂದೆ ಓಡಿಸುವ ಅಂತ ಅನಿಸಬಾರದು. ಕೈಗೆ ಕೆಲಸ ಇರುತ್ತದೆ, ಕಿವಿಗೆ ಇಲ್ಲ. ಸಂಗೀತಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಉಂಟೇ?

ಈ ಪರೀಕ್ಷೆಯಲ್ಲಿ ಸಿನಿಮಾ ಕ್ಯಾಸೆಟ್‌ಗಳು ಹೆಚ್ಚಿನವೂ ಫೇಲು. ಎರಡು ಹಾಡು ಚಂದ, ಉಳಿದದ್ದು ಬಾಲಂಗೋಚಿ. ಭಾವಗೀತೆಯವು ಪಾಸು. 1978ರಲ್ಲಿ ಬಂದ 'ನಿತ್ಯೋತ್ಸವ' ನನಗೆ ಇಂದಿಗೂ ಹಳತಾಗಿಲ್ಲ. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ. ಅವರು ಪದದ ಮೇಲೆ ರಾಗದ ಭಾರ ಹೇರಲಿಲ್ಲ. ಓದು ಬರದ ನನ್ನ ಅಜ್ಜಿಗೂ ಕವಿತೆ ಬಾಯಿಪಾಠ ಆದದ್ದು ಅದರಿಂದಲೇ. ಸಿ. ಅಶ್ವತ್ಥರದ್ದು ಬೇರೆಯೇ ಹದ. ಅವರ ಶರೀಫರ ಹಾಡುಗಳನ್ನು ಕೆಲವರು ಅಬ್ಬರ ಅಂತಾರೆ. ನಾನು ಒಪ್ಪುವುದಿಲ್ಲ. ಸೋರುವ ಮನೆಯನ್ನೂ ಕೋಳಿಯನ್ನೂ ಹಾಡು ಮಾಡಿದ ಶರೀಫಜ್ಜನನ್ನು ಗದ್ದೆಯ ಆಚೆಗೆ ಕೇಳುವ ಹಾಗೆಯೇ ಹಾಡಬೇಕು. 'ಮೈಸೂರ ಮಲ್ಲಿಗೆ' ಮಾತ್ರ ನನಗೆ ಪುಸ್ತಕದಲ್ಲೇ ಹೆಚ್ಚು ರುಚಿ.

ಆದರೆ ಕರಾವಳಿಯವನಿಗೆ ಒಂದನೇ ನಂಬರು ಯಕ್ಷಗಾನವೇ. ಬಡಗಿನ ಕಾಳಿಂಗ ನಾವಡರು 1990ರಲ್ಲಿ ಚಿಕ್ಕ ಪ್ರಾಯದಲ್ಲೇ ಅಪಘಾತದಲ್ಲಿ ತೀರಿಹೋದರು. ಆಮೇಲೆ ಹುಟ್ಟಿದ ಹುಡುಗರೂ ಅವರ ಪದ ಗುನುಗುವುದು ಕ್ಯಾಸೆಟಿನ ದೆಸೆಯಿಂದ. ತೆಂಕಿನಲ್ಲಿ ಬಲಿಪ ನಾರಾಯಣ ಭಾಗವತರು, 2023ರಲ್ಲಿ ಹೋದರು. ಆ ಏರುದನಿ ಮತ್ತೆ ಬರುವುದುಂಟೇ?

ಆಟಕ್ಕಿಂತಲೂ ಕ್ಯಾಸೆಟಿಗೆ ಹೇಳಿಸಿದ್ದು ಕೂಟ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕಣ್ಣಿಗೆ ತಪ್ಪಿಹೋಗುವಂಥದ್ದು ಏನೂ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳುತ್ತಾ ಒಂದು ಗೋಣಿ ಅಡಿಕೆ ಮುಗಿದದ್ದೇ ಗೊತ್ತಾಗುವುದಿಲ್ಲ.

ಅಂಗಡಿಯ ಕ್ಯಾಸೆಟಿನಲ್ಲಿ ಪ್ರಸಂಗವನ್ನು ಒಂದು ಗಂಟೆಗೋ ಒಂದೂವರೆ ಗಂಟೆಗೋ ಕತ್ತರಿಸಿರುತ್ತಾರೆ. ಪೂರ್ತಿ ಕೂಟ ಇರುವುದು ನಮ್ಮ ನಿಮ್ಮ ಮನೆಗಳಲ್ಲಿ. ಪೂಜೆಗೋ ಮದುವೆಗೋ ಕೂಟ ಇಟ್ಟಾಗ ಯಾರೋ ಭಾವ ಟೇಪ್ ರೆಕಾರ್ಡರ್ ಎದುರಿಟ್ಟು ತುಂಬಿಸಿದ್ದು. ವಾದ ಏರಿದ ಹೊತ್ತಿಗೇ 'ಟಕ್' ಅಂತ ಬದಿ ಮುಗಿಯುತ್ತದೆ, ಒಳಗೆ ಮಗು ಅಳುತ್ತದೆ. ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇವೇ.

"ಎಲ್ಲ ಫೋನಿನಲ್ಲಿ ಸಿಗುತ್ತದೆ" ಅಂತಾನೆ ಮಗ. 'ನಿತ್ಯೋತ್ಸವ' ಸಿಗುತ್ತದೆ, ಸರಿ. ಇದು ಎಲ್ಲಿಂದ ಸಿಗಬೇಕು? ಪ್ರತಿ ಒಂದೇ, ಅದೂ ಅಟ್ಟದಲ್ಲಿ. ನಮ್ಮ ಮಳೆಗಾಲಕ್ಕೆ ಟೇಪಿಗೆ ಬಿಳಿ ಬೂಷ್ಟು ಬರುತ್ತದೆ.

ಬೂಷ್ಟು ಬಂದದ್ದನ್ನು ಸೀದಾ ಒಳ್ಳೆಯ ಪ್ಲೇಯರಿಗೆ ಹಾಕಬೇಡಿ, ಹೆಡ್ಡಿಗೆ ಹಿಡಿದು ಮುಂದಿನ ಕ್ಯಾಸೆಟಿಗೂ ದಾಟುತ್ತದೆ. ಹಳೆ ಸೆಟ್ಟಿನಲ್ಲಿ ಆ ತುದಿಯಿಂದ ಈ ತುದಿಗೆ ಒಮ್ಮೆ ಸುತ್ತಿ, ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ. ಒಳಗಿನ ಪುಟ್ಟ ಬಟ್ಟೆತುಂಡು ಉದುರಿದ್ದರೆ, ಸ್ಕ್ರೂ ಇರುವ ಬೇರೆ ಡಬ್ಬಿಗೆ ಸುರುಳಿಯನ್ನು ದಾಟಿಸಬಹುದು. ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವಯರು, ಆಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರ್, ಇಷ್ಟೇ ಸಾಕು. 90 ನಿಮಿಷದ ಕ್ಯಾಸೆಟಿಗೆ 90 ನಿಮಿಷವೇ ಬೇಕು, ಅವಸರ ನಡೆಯುವುದಿಲ್ಲ. ಅಡಿಕೆ ಸುಲಿಯುತ್ತಾ ಮಾಡಬಹುದು! ಪ್ರತಿ ಎರಡಿರಲಿ, ಒಂದು ಬೇರೆ ಮನೆಯಲ್ಲಿ.

ಪ್ರಸಂಗ, ಊರು, ವರ್ಷ, ಅರ್ಥಧಾರಿಗಳ ಹೆಸರು ಬರೆದಿಡಿ. ದನಿ ಕೇಳಿ "ಇದು ಇಂಥವರು" ಎಂದು ಗುರುತು ಹೇಳುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ನಮ್ಮ ಕಡೆ ಅಂಥವರು ಈಗ ಇಬ್ಬರೇ ಉಳಿದಿದ್ದಾರೆ.