ದಂಡಿನಲ್ಲಿ ಕಲಿತ ಪಶುವಿದ್ಯೆ ಊರಿಗೆ ಒದಗಲಿ

ಕಂಬಂ ಕಣಿವೆಯ ಕನ್ನಡದ ಒಕ್ಕಲು ಮನೆಗಳಲ್ಲಿ ದನವೆಂದರೆ ಬರಿಯ ಆಸ್ತಿಯಲ್ಲ. ಕಂಬಂ ಊರಿನ ನಂದಗೋಪಾಲ ಗುಡಿಯ ದೇವರ ದನಗಳಿಗೆ ಮಾಟ್ಟುಪೊಂಗಲಿನಲ್ಲಿ ಕೈಮುಗಿಯಲು ಜನ ನೆರೆಯುತ್ತಾರೆ. ಆದರೆ ಗಾಡಿ ಎಳೆಯುವ ಎತ್ತಿನ ಹೆಗಲು ಹುಣ್ಣಾದರೆ ಎಣ್ಣೆ ಅರಿಶಿನ ಹಚ್ಚಿ, ಮರುದಿನವೇ ನೊಗ ಹೊರಿಸುವವರೂ ನಮ್ಮಲ್ಲಿದ್ದಾರೆ. ಭಕ್ತಿಯಿದೆ, ಆರೈಕೆಯ ಶಿಸ್ತಿಲ್ಲ.

ಈ ಶಿಸ್ತನ್ನು ದಂಡಿನವರು ಬಹು ಹಿಂದೆಯೇ ಅರಿತಿದ್ದರು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ ಹೈದರನ ಕಾಲದಲ್ಲಿ ಮೈಸೂರಿನ ದಂಡಿನ ಬಲವು ಅದರ ಎತ್ತುಗಳಲ್ಲಿಯೂ ಇತ್ತು. ಮುಂದೆ ಅಮೃತಮಹಲ್ ಎಂದು ಹೆಸರಾದ ಆ ತಳಿಯ ಎತ್ತುಗಳು ಫಿರಂಗಿ ಎಳೆದವು.

ಇಂದು ಭಾರತ ಸೈನ್ಯದಲ್ಲಿ ಈ ಕೆಲಸ ರಿಮೌಂಟ್ ವೆಟರಿನರಿ ಕೋರಿನದು. ಇದರ ಮೂಲ 1779ರಷ್ಟು ಹಳೆಯದು. ತರಬೇತಿ ಕೇಂದ್ರ ಮೀರತ್ತಿನಲ್ಲಿದೆ. ಅಲ್ಲಿ ವೈದ್ಯಾಧಿಕಾರಿಗಳ ಕೈಕೆಳಗೆ ನರ್ಸಿಂಗ್ ಅಸಿಸ್ಟೆಂಟ್ ವೆಟರಿನರಿ ಎಂಬ ಸಿಪಾಯಿಗಳಿರುತ್ತಾರೆ. ಭೌತ, ರಸಾಯನ, ಜೀವಶಾಸ್ತ್ರಗಳೊಡನೆ ಹನ್ನೆರಡನೆಯ ತರಗತಿ ತೇರ್ಗಡೆಯಾದವರಿಗೆ ಈ ದಾರಿಯುಂಟು. ಹಸು ಸಾಕುವ ಸೇನಾ ಡೈರಿಗಳು 1889ರಲ್ಲಿ ಆರಂಭವಾಗಿ 2021ರಲ್ಲಿ ಮುಚ್ಚಿದವು. ಆದ್ದರಿಂದ ಅಲ್ಲಿ ಆರೈಕೆ ಮಾಡಬೇಕಾದದ್ದು ಕುದುರೆ, ಹೇಸರಗತ್ತೆ, ನಾಯಿಗಳನ್ನು.

ಇವು ನಮ್ಮೂರಿಗೆ ಏತಕ್ಕೆ ಎನ್ನಬೇಡಿರಿ. ಹಿಮಾಲಯದಲ್ಲಿ ಹೇರು ಹೊರುವ ಹೇಸರಗತ್ತೆಯ ಬೆನ್ನುಹುಣ್ಣಿಗೂ ನಮ್ಮ ಎತ್ತಿನ ಹೆಗಲ ಹುಣ್ಣಿಗೂ ಕಾರಣ ಒಂದೇ: ಸರಿಯಾಗಿ ಕೂರದ ಜೀನು ಅಥವಾ ನೊಗ, ಅದರ ಒತ್ತಡ, ಉಜ್ಜಾಟ. ಹೇರು ಹೊರಿಸುವ ಮುನ್ನ ಬೆನ್ನು ತಡವಿ ನೋಡುವುದು, ಗೊರಸು ಎತ್ತಿ ಪರೀಕ್ಷಿಸುವುದು, ಜ್ವರ ಅಳೆಯುವುದು, ಹುಣ್ಣು ತೊಳೆದು ಕಟ್ಟುವುದು, ಮಾಯುವ ತನಕ ವಿಶ್ರಾಂತಿ ಕೊಡುವುದು, ಸೋಂಕು ಕಂಡೊಡನೆ ಬೇರೆ ಕಟ್ಟುವುದು, ಇವೆಲ್ಲ ಯಾವ ಪಶುವಿಗಾದರೂ ಸಲ್ಲುವ ವಿದ್ಯೆ.

ಆದರೆ ಇಂತಹ ಸಿಪಾಯಿ ಸೇವೆ ಮುಗಿಸಿ ನಡುವಯಸ್ಸಿನಲ್ಲಿ ಊರಿಗೆ ಬಂದರೆ ಅವನಿಗೆ ಸಿಕ್ಕುವುದೇನು? ಯಾವುದೋ ಗೋದಾಮಿನ ಕಾವಲು! ಕೈಯಲ್ಲಿರುವ ವಿದ್ಯೆ ಕೈಯಲ್ಲೇ ತುಕ್ಕು ಹಿಡಿಯುತ್ತದೆ. ಅವನು ಡಾಕ್ಟರನಲ್ಲ, ಡಾಕ್ಟರನಂತೆ ನಡೆಯಲೂಬಾರದು. ಆದರೆ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯ 30ನೆಯ ಕಲಮು ಒಂದು ಬಾಗಿಲು ತೆರೆದಿದೆ. ಲಸಿಕೆ, ಬೀಜ ಒಡೆಯುವುದು, ಹುಣ್ಣು ಕಟ್ಟುವುದು ಮೊದಲಾದ ಸಣ್ಣ ಉಪಚಾರಗಳನ್ನು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಇತರರು ಮಾಡಲು ರಾಜ್ಯ ಸರ್ಕಾರವು ಅಪ್ಪಣೆ ಕೊಡಬಹುದು. ಸೈನ್ಯದ ಈ ತರಬೇತಿಯನ್ನು ಅಂತಹ ಅಪ್ಪಣೆಗೆ ಅರ್ಹತೆಯೆಂದು ಸ್ಪಷ್ಟವಾಗಿ ಒಪ್ಪಿ, ನಿವೃತ್ತರನ್ನು ಹತ್ತಿರದ ಪಶು ಆಸ್ಪತ್ರೆಗೆ ಜೋಡಿಸಬೇಕೆಂಬುದು ನಮ್ಮ ಅಭಿಪ್ರಾಯ.

ರೈತ ಬಾಂಧವರೂ ಸುಮ್ಮನಿರಬಾರದು. ಮನೆಯ ಹುಡುಗನು ಈ ಕೆಲಸಕ್ಕೆ ಹೊರಟರೆ 'ದನ ಕಾಯುವುದಕ್ಕೆ ದಂಡಿಗೆ ಹೋಗಬೇಕೆ' ಎಂದು ನಗಬೇಡಿರಿ. ಅವನು ಮರಳಿ ಬಂದ ದಿನ ಮೊದಲು ನಿಮ್ಮ ಎತ್ತಿನ ಹೆಗಲನ್ನು ತೋರಿಸಿರಿ.