ಅಣುಜೀವಿ ಅಗ್ಗ, ಹೈಡ್ರೋಜನ್ ದುಬಾರಿ

ಇಂಗಾಲದ ಡೈಆಕ್ಸೈಡನ್ನು ತಿಂದು ಉರಿಯುವ ಅನಿಲ ಮಾಡಿಕೊಡುವ ಅಣುಜೀವಿಗಳ ಸುದ್ದಿ ಆಗೀಗ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಬಂದಾಗಲೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, "ಸರ್, ಇದು ನಿಜವಾ?" ಅಂತ ಕೇಳುತ್ತಾರೆ. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತನಾದವನು ನಾನು. ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಬೆಳಗಿನ ದೋಸೆ ಇವತ್ತಿಗೂ ಏಳುವುದು ಗೋಬರ್ ಗ್ಯಾಸ್ ಒಲೆಯ ಮೇಲೆ. ಹಾಗಾಗಿ ನಿಜವೇ ಎನ್ನುತ್ತೇನೆ. ಹೈಡ್ರೋಜನ್ ಎಲ್ಲಿಂದ ತಂದರಂತೆ, ಅದನ್ನು ಬರೆದಿದ್ದಾರಾ ನೋಡು ಎಂದೂ ಹೇಳುತ್ತೇನೆ. ಸಾಮಾನ್ಯವಾಗಿ ಬರೆದಿರುವುದಿಲ್ಲ.

ಈ ಜೀವಿಗಳು ನಮಗೆ ಹೊಸಬರಲ್ಲ. ಕೊಟ್ಟಿಗೆಯ ಹಿಂದಿನ ಗುಂಡಿಯಲ್ಲಿ, ಗದ್ದೆಯ ಕೆಸರಿನಲ್ಲಿ, ಎಮ್ಮೆಯ ಹೊಟ್ಟೆಯಲ್ಲಿ ಇವುಗಳದೇ ಸಂಸಾರ. ಬ್ಯಾಕ್ಟೀರಿಯಾ ಎಂದು ಬಹುಕಾಲ ಕರೆದರು. 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಇವುಗಳ ಆರ್‌ಎನ್‌ಎ ಪರಿಶೀಲಿಸಿ, ಇದು ಬೇರೆಯದೇ ಕುಲ ಎಂದರು. ಆರ್ಕಿಯಾ ಎಂದು ಈಗ ಕರೆಯುವುದು ಆ ಕುಲವನ್ನು. ಆಮ್ಲಜನಕ ತಾಗಿದರೆ ಇವಕ್ಕೆ ಆಗುವುದಿಲ್ಲ. ಸಗಣಿ ಗುಂಡಿಯಲ್ಲಿ ಇವು ಮಾಡುವ ಮೀಥೇನ್‌ನ ಹೆಚ್ಚಿನ ಭಾಗ ಅಸಿಟೇಟ್ ಒಡೆದು ಬಂದದ್ದು. ಸುಮಾರು ಮೂರನೇ ಒಂದು ಪಾಲು ಮಾತ್ರ ಇಂಗಾಲದ ಡೈಆಕ್ಸೈಡಿಗೆ ಹೈಡ್ರೋಜನ್ ಸೇರಿಸಿ ಮಾಡಿದ್ದು. ಆ ಹೈಡ್ರೋಜನ್ ಅಲ್ಲಿ ಪುಕ್ಕಟೆ: ಸಗಣಿ ಕೊಳೆಸುವ ಬೇರೆ ಅಣುಜೀವಿಗಳು ಪಕ್ಕದಲ್ಲೇ ಬಿಡುತ್ತಿರುತ್ತವೆ.

ಕಾರ್ಖಾನೆಯಲ್ಲಿ ಪುಕ್ಕಟೆ ಕೊಡುವವರಿಲ್ಲ. ಕೋಪನ್‌ಹೇಗನ್ ಹೊರವಲಯದ ಅವೆಡೋರೆಯ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಎಲೆಕ್ಟ್ರೋಕಿಯಾ ಕಂಪನಿ 2016ರ ಹೊತ್ತಿಗೆ ಒಂದು ಮೆಗಾವಾಟ್ ಗಾತ್ರದ ಘಟಕ ನಡೆಸಿ ತೋರಿಸಿತು. ಜೀವಿಯ ಹೆಸರು ಮೀಥನೋಥರ್ಮೋಬ್ಯಾಕ್ಟರ್. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ಮೆಟ್ಸ್ ಆಯ್ದು ಪಳಗಿಸಿದ ತಳಿ. ಅದಕ್ಕೆ 60 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವು ಹಿತ. ಪಾಲ್ ಸಬಾಟ್ಯೆ ನಿಕ್ಕಲ್ ಹಿಡಿದು ಇದೇ ಕ್ರಿಯೆಯನ್ನು ನಡೆಸಿ ನೂರು ವರ್ಷದ ಮೇಲಾಯಿತು. ಆದರೆ ನಿಕ್ಕಲ್‌ಗೆ ಮುನ್ನೂರು ಡಿಗ್ರಿಯ ಆಸುಪಾಸು ಬೇಕು, ಗಂಧಕದ ಅನಿಲ ಸೋಕಿದರೆ ಅದು ಕೆಟ್ಟು ಕೂರುತ್ತದೆ. ಅಣುಜೀವಿಗೆ ಅಷ್ಟು ಮಡಿಯಿಲ್ಲ, ಶುದ್ಧ ಮಾಡದ ಬಯೋಗ್ಯಾಸನ್ನೇ ಉಣ್ಣುತ್ತದೆ. ಅಲ್ಲಿ ಎಂಜಿನಿಯರುಗಳಿಗೆ ತಲೆನೋವು ಜೀವಿಯದಲ್ಲ, ಕದಡುವುದರದು: ಹೈಡ್ರೋಜನ್ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಕರಗದೆ ಜೀವಿಯ ಬಾಯಿಗೆ ಸೇರುವುದಿಲ್ಲ.

ಇನ್ನು ಲೆಕ್ಕ. ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆಸಿದ ಸಮೀಕರಣವೇ: 44 ಕಿಲೊ ಇಂಗಾಲದ ಡೈಆಕ್ಸೈಡಿಗೆ 8 ಕಿಲೊ ಹೈಡ್ರೋಜನ್ ಸೇರಿಸಿದರೆ 16 ಕಿಲೊ ಮೀಥೇನ್, 36 ಕಿಲೊ ನೀರು. ಅಂದರೆ ಒಂದು ಕಿಲೊ ಮೀಥೇನ್‌ಗೆ ಅರ್ಧ ಕಿಲೊ ಹೈಡ್ರೋಜನ್. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೊ ಹೈಡ್ರೋಜನ್ ತೆಗೆಯಲು 50 ಯೂನಿಟ್ಟಿಗೆ ಕಡಿಮೆಯಿಲ್ಲ. ಮನೆಗೆ ಬರುವ 14.2 ಕಿಲೊ ಸಿಲಿಂಡರಿನಷ್ಟು ಶಾಖ ಕೊಡಲು ಸುಮಾರು 13 ಕಿಲೊ ಮೀಥೇನ್ ಬೇಕು. ಹಾಗಾದರೆ ಒಂದು ಸಿಲಿಂಡರಿಗೆ ಮುನ್ನೂರು ಯೂನಿಟ್ಟಿಗೂ ಜಾಸ್ತಿ ಕರೆಂಟು ಸುರಿಯಬೇಕು. ಆ ಸಿಲಿಂಡರಿನಲ್ಲಿ ಬೇಯುವ ಅಡುಗೆಯನ್ನೇ ಇಂಡಕ್ಷನ್ ಒಲೆಯ ಮೇಲೆ ಬೇಯಿಸಿದರೆ ನೂರಿಪ್ಪತ್ತು, ನೂರಮೂವತ್ತು ಯೂನಿಟ್ಟಿಗೆ ಮುಗಿಯುತ್ತದೆ. ಅಡುಗೆಮನೆಗೆಂದು ಇದನ್ನು ಮಾರಲು ಬಂದವರಿಗೆ ಈ ಎರಡು ಅಂಕಿ ತೋರಿಸಿದರೆ ಸಾಕು.

ಇದರಿಂದ ಹವಾಮಾನ ಉದ್ಧಾರವಾಗುತ್ತದೆ ಎನ್ನುವವರ ಮಾತನ್ನೂ ಪೂರ್ತಿ ಒಪ್ಪಲಾರೆ. ಮೀಥೇನ್ ಉರಿದರೆ ಹಿಡಿದಿಟ್ಟ ಇಂಗಾಲವೆಲ್ಲ ಮತ್ತೆ ಗಾಳಿಗೆ. ಕಲ್ಲಿದ್ದಲು ಸ್ಥಾವರದ ಚಿಮಣಿಯಿಂದ ಹಿಡಿದ ಅನಿಲವಾದರೆ ಕಲ್ಲಿದ್ದಲಿಗೆ ಇನ್ನೊಂದು ಸುತ್ತು ಕೆಲಸ ಕೊಟ್ಟ ಹಾಗಾಯಿತು, ಅಷ್ಟೆ. ನಡುವೆ ಪೈಪು ಸೋರಿದರಂತೂ ನಷ್ಟವೇ: ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಕಾಯಿಸುವ ಶಕ್ತಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿನ 28 ಪಟ್ಟು.

ಹಾಗಂತ ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಅವೆಡೋರೆಯಲ್ಲಿ ನನಗೆ ಹಿಡಿಸಿದ್ದು ಅವರು ಆರಿಸಿಕೊಂಡ ಜಾಗ. ಕೊಳಚೆಯ ಕೆಸರಿನಿಂದ ಬಯೋಗ್ಯಾಸ್ ಅಲ್ಲಿ ಮೊದಲೇ ಬರುತ್ತಿತ್ತು. ಅದರಲ್ಲಿ ನೂರಕ್ಕೆ ಮೂವತ್ತೈದು, ನಲವತ್ತರಷ್ಟು ಇಂಗಾಲದ ಡೈಆಕ್ಸೈಡೇ ಇರುವುದರಿಂದ ಬೇರೆಲ್ಲಿಂದಲೋ ಹಿಡಿದು ತರುವ ಖರ್ಚಿಲ್ಲ. ನೀರು ಒಡೆದಾಗ ಹೈಡ್ರೋಜನ್ ಜೊತೆಗೆ ಆಮ್ಲಜನಕವೂ ಬರುತ್ತದಲ್ಲ, ಒಂದು ಕಿಲೊ ಮೀಥೇನ್‌ಗೆ ನಾಲ್ಕು ಕಿಲೊದಷ್ಟು. ಕೊಳಚೆ ನೀರಿಗೆ ಗಾಳಿ ಊದುವುದೇ ಇಂಥ ಘಟಕಗಳ ದೊಡ್ಡ ವಿದ್ಯುತ್ ಖರ್ಚು. ಆ ಕೆಲಸಕ್ಕೆ ಈ ಆಮ್ಲಜನಕ ಒದಗುತ್ತದೆ. ಕ್ರಿಯೆಯಲ್ಲಿ ಹುಟ್ಟುವ ಶಾಖಕ್ಕೂ ಅಲ್ಲೇ ಕೆಲಸವಿದೆ.

ನಮ್ಮಲ್ಲಿ ಪ್ರಯೋಗ ಮಾಡುವುದಾದರೆ ಅಂಥ ಕಡೆಯೇ ಮಾಡಬೇಕು. ಬೆಂಗಳೂರಿನ ಕೊಳಚೆ ನೀರು ಘಟಕಗಳು ಒಂದು ಜಾಗ. 2018ರ ಸತತ್ ಯೋಜನೆಯಡಿ ಎದ್ದ ಬಯೋಗ್ಯಾಸ್ ಕಾರ್ಖಾನೆಗಳು ಇನ್ನೊಂದು. ಸಿಎನ್‌ಜಿಯ ಮಟ್ಟಕ್ಕೆ ಶುದ್ಧ ಮಾಡುವಾಗ ಇಂಗಾಲದ ಡೈಆಕ್ಸೈಡನ್ನು ಬೇರೆ ಮಾಡಿ, ಸಾಮಾನ್ಯವಾಗಿ ಗಾಳಿಗೇ ಬಿಡುತ್ತಾರೆ. ಅದನ್ನು ಹೈಡ್ರೋಜನ್ ಜೊತೆ ಜೀವಿಗಳಿಗೆ ಉಣಿಸಿದರೆ ಅದೇ ಸಗಣಿ, ಅದೇ ಕಬ್ಬಿನ ಮಡ್ಡಿಯಿಂದ ಒಂದೂವರೆ ಪಟ್ಟು ಇಂಧನ. ನಮ್ಮಂಥವರ ಮನೆಯ ಗುಂಡಿಗೆ ಇದನ್ನು ಜೋಡಿಸುವ ಆಲೋಚನೆ ಮಾತ್ರ ದಯವಿಟ್ಟು ಬೇಡ. ಸಗಣಿ ಕದಡಿ ಹಾಕಿದರೆ ಒಲೆ ಉರಿಯುತ್ತದೆ, ಬಗ್ಗಡ ಅಡಿಕೆ ತೋಟಕ್ಕೆ ಹೋಗುತ್ತದೆ, ಕರೆಂಟಿಲ್ಲದ ಮಳೆಗಾಲದಲ್ಲೂ ಕೆಲಸ ನಿಲ್ಲುವುದಿಲ್ಲ.

ಮುಖ್ಯ ಪ್ರಶ್ನೆ ಕರೆಂಟಿನ ಸಮಯದ್ದು. ಬಿಸಿಲೇರಿದ ನಾಲ್ಕೈದು ಗಂಟೆ ಪಾವಗಡದಲ್ಲಿ ಸೋಲಾರ್ ವಿದ್ಯುತ್ ಧಾರಾಳ. ಆದರೆ ಅಷ್ಟೇ ಹೊತ್ತು ನಡೆಸಿದರೆ, ನೀರು ಒಡೆಯುವ ದುಬಾರಿ ಯಂತ್ರ ಉಳಿದ ಹೊತ್ತೆಲ್ಲ ಖಾಲಿ ಕೂತು ಬಡ್ಡಿ ಎಣಿಸುತ್ತದೆ. ಡೆನ್ಮಾರ್ಕಿಗೆ ಹಗಲೂ ರಾತ್ರಿಯೂ ಬೀಸುವ ಗಾಳಿಯ ಅನುಕೂಲವಿದೆ. ನಮಗೂ ಜೂನ್‌ನಿಂದ ಆಗಸ್ಟ್‌ವರೆಗೆ ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಅಂಥ ಗಾಳಿಯಿದೆ. ಆ ತಿಂಗಳುಗಳಲ್ಲಿ ಹೆಚ್ಚಾಗಿ ಉಳಿಯುವ ವಿದ್ಯುತ್ ಎಷ್ಟು, ಯಾವ ದರಕ್ಕೆ ಸಿಗುತ್ತದೆ ಎಂಬ ಲೆಕ್ಕವನ್ನು ಇಂಧನ ಇಲಾಖೆ ಗಂಟೆವಾರು ಮುಂದಿಡಲಿ. ಘಟಕದ ಗಾತ್ರ, ಸಬ್ಸಿಡಿಯ ಮಾತು ಅದಾದ ಮೇಲೆ.