ಊರಿನ ಹೆಸರೂ ಊರಿನ ಕೈಗೆಲಸವೂ

ಪ್ರವಾಸಕ್ಕೆ ಹೋದವರು ಊರಿನ ಗುರುತಾಗಿ ಪ್ರಸಾದವನ್ನೋ ತಿಂಡಿಯ ಪೊಟ್ಟಣವನ್ನೋ ತರುವ ವಾಡಿಕೆಯ ಪಕ್ಕದಲ್ಲಿ ಈಚೆಗೆ ಒಂದು ಹೊಸ ಪದ್ಧತಿಯು ನೆಲೆಯೂರಿದೆ. ಹಿಂಬದಿಗೆ ಅಯಸ್ಕಾಂತವನ್ನು ಅಂಟಿಸಿದ ಒಂದು ಸಣ್ಣ ಬಿಲ್ಲೆ. ಮುಂಬದಿಯಲ್ಲಿ ಗುಮ್ಮಟದ, ಕೋಟೆಯ ಇಲ್ಲವೆ ಗೋಪುರದ ಚಿತ್ರ. ಅದರ ಕೆಳಗೆ ಊರಿನ ಹೆಸರು. ಇದು ಮನೆಗೆ ಬಂದು ರೆಫ್ರಿಜರೇಟರಿನ ಬಾಗಿಲನ್ನು ಹಿಡಿದು ನಿಲ್ಲುತ್ತದೆ. ಗಾಜಿನ ಬಾಗಿಲಿನ ಹೊಸ ಪೆಟ್ಟಿಗೆಗಳಲ್ಲಿ ನಿಲ್ಲದೆಂಬುದು ಬೇರೆ ಮಾತು! ಇದನ್ನು ಬರಿಯ ಹುಡುಗಾಟವೆಂದು ತಳ್ಳಿಹಾಕುವುದು ಸರಿಯಲ್ಲ. 2014ನೆಯ ನವೆಂಬರ್ 1ರಂದು ನಮ್ಮ 12 ಊರುಗಳ ಹೆಸರುಗಳು ಕನ್ನಡದ ನುಡಿಗೆ ಹೊಂದುವಂತೆ ತಿದ್ದುಪಡಿಯಾದವು. ಅಂತಹ ಹೆಸರು ಕಚೇರಿಯ ಕಾಗದದಿಂದ ಇಳಿದು ಅಡಿಗೆಯ ಮನೆಗೆ ಬರುವುದಕ್ಕೆ ಇಂತಹ ಅಲ್ಪವಸ್ತುವೂ ನೆರವಾಗುವುದಾದರೆ ಅದು ಮೆಚ್ಚತಕ್ಕುದೇ ಸರಿ.

ಆದರೆ ಊರಿನ ಹೆಸರನ್ನು ಹೊತ್ತ ವಸ್ತುವಿನಲ್ಲಿ ಆ ಊರಿನ ಪಾಲೆಷ್ಟು? ಚಿತ್ರವೆಲ್ಲಿ ಮುದ್ರಿತವಾಯಿತು, ಹಣವು ಯಾರಿಗೆ ಸೇರಿತು ಎಂಬುದನ್ನು ಬಿಲ್ಲೆಯು ಹೇಳುವುದಿಲ್ಲ. ಒಂದೇ ಅಚ್ಚು, ಚಿತ್ರವನ್ನೂ ಹೆಸರನ್ನೂ ಬದಲಿಸಿದರೆ ಬೀದರವು ಹಂಪೆಯಾಗುತ್ತದೆ.

ಈ ಪ್ರಶ್ನೆಯ ತೀವ್ರತೆಯನ್ನು ತಿಳಿಯಬೇಕಾದರೆ ಚನ್ನಪಟ್ಟಣದ ಕಡೆಗೆ ನೋಡಬೇಕು. ಬೆಂಗಳೂರು ಮೈಸೂರುಗಳ ನಡುವೆ ಪ್ರಯಾಣ ಮಾಡುವವರು ಆ ಊರಿನ ಬೊಂಬೆಯಂಗಡಿಗಳ ಮುಂದೆ ಗಾಡಿ ನಿಲ್ಲಿಸುವುದು ಬಹುಕಾಲದ ರೂಢಿಯಾಗಿತ್ತು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ರಾಮನಗರವನ್ನೂ ಚನ್ನಪಟ್ಟಣವನ್ನೂ ಬದಿಗಿಟ್ಟು ಸಾಗಿತು. ಪ್ರಯಾಣಿಕರಿಗೆ ವೇಳೆ ಉಳಿಯಿತು; ಹಳೆಯ ರಸ್ತೆಯ ಅಂಗಡಿಗಳಿಗೆ ಗಿರಾಕಿಗಳು ಕಡಮೆಯಾದರು. ಗಿರಾಕಿಯು ಊರಿಗೆ ಬಾರದಿದ್ದರೆ ಊರೇ ಗಿರಾಕಿಯಿದ್ದಲ್ಲಿಗೆ ಹೋಗಬೇಕಷ್ಟೆ. ಹಗುರವೂ ಅಗ್ಗವೂ ಆದ ಇಂತಹ ಬಿಲ್ಲೆಯು ಅದಕ್ಕೆ ತಕ್ಕ ವಾಹನವಾಗಬಲ್ಲದು.

ಆ ಕೈಗೆಲಸವು ಇದಕ್ಕೆ ಒಗ್ಗುವಂತಹುದೂ ಹೌದು. ಆಲೆಮರದ ತುಂಡನ್ನು ಒಣಗಿಸಿ, ತಿರುಗುವ ಯಂತ್ರಕ್ಕೆ ಕೊಟ್ಟು ಉಳಿಯಿಂದ ಕಡೆಯುವರು; ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುವುದು; ಬಳಿಕ ಗರಿಯಿಂದ ತಿಕ್ಕಿ ಹೊಳಪೇರಿಸುವರು. ಹೀಗೆ ಕಡೆದ ಗುಂಡು ಬೊಂಬೆಯನ್ನು ಉದ್ದಕ್ಕೆ ಸೀಳಿದರೆ ಚಪ್ಪಟೆ ಬೆನ್ನಿನ ಎರಡು ಅರೆಬೊಂಬೆಗಳು ದೊರೆಯುವುವು. ಬೆನ್ನಿಗೆ ಅಯಸ್ಕಾಂತವನ್ನು ಕೂಡಿಸುವುದೊಂದೇ ಉಳಿದ ಕೆಲಸ. ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಬಿಡಿಯಾಗಿ ಉದುರಿದ ಎರಡು ಸಣ್ಣ ಅಯಸ್ಕಾಂತಗಳನ್ನು ಮಗುವು ನುಂಗಿದರೆ ಅವು ಕರುಳಿನ ಗೋಡೆಗಳ ಎರಡು ಕಡೆಯಿಂದ ಒಂದನ್ನೊಂದು ಸೆಳೆದು ಪ್ರಾಣಕ್ಕೇ ಅಪಾಯ ತರಬಹುದು. ಆದಕಾರಣ ಅಂಟಿಸಿದರೆ ಸಾಲದು. ಮರದೊಳಕ್ಕೆ ಹೂತು ಭದ್ರವಾಗಿ ಮುಚ್ಚತಕ್ಕದ್ದು. ಮಕ್ಕಳ ಕೈಗೆ ನಿರ್ಭಯವಾಗಿ ಕೊಡಬಹುದೆಂಬುದೇ ಈ ಬೊಂಬೆಗಳ ಕೀರ್ತಿಯಾಗಿರುವಾಗ ಅದನ್ನು ಕಳೆದುಕೊಳ್ಳಲಾಗದು.

ಕಾಯಿದೆಯ ರಕ್ಷಣೆಯಿಲ್ಲವೆ ಎಂದು ಕೆಲವರು ಕೇಳಬಹುದು. ಉಂಟು. 1999ರ ಭೌಗೋಳಿಕ ಸೂಚನೆಗಳ ಅಧಿನಿಯಮವು 2003ರಲ್ಲಿ ಜಾರಿಗೆ ಬಂದಿತು. ಚನ್ನಪಟ್ಟಣದ ಬೊಂಬೆಗಳೂ ಬಿದರಿಯ ಕೆಲಸವೂ ಅದರ ಮೇರೆಗೆ ನೋಂದಣಿಯಾಗಿವೆ. ಬೇರೆಡೆಯ ಬೊಂಬೆಗೆ ಚನ್ನಪಟ್ಟಣದ ಹೆಸರಿಟ್ಟು ಮಾರುವವನಿಗೆ ಶಿಕ್ಷೆಯಿದೆ. ಆದರೆ ಅದೇ ಬೊಂಬೆಯ ಚಿತ್ರವನ್ನು ಪ್ಲಾಸ್ಟಿಕ್ಕಿನ ಬಿಲ್ಲೆಯ ಮೇಲೆ ಮುದ್ರಿಸಿದವನು ಈ ಬಲೆಗೆ ಸುಲಭವಾಗಿ ಬೀಳನು; ಗೋಳಗುಮ್ಮಟದ ಆಕಾರವಂತೂ ಯಾರ ಸ್ವತ್ತೂ ಅಲ್ಲ. ಕಾಯಿದೆಯು ತಲಪದ ಈ ಎಡೆಯಲ್ಲಿ ಕೊಳ್ಳುವವನ ವಿವೇಕಕ್ಕೂ ಅಧಿಕಾರಿಗಳ ಮುತುವರ್ಜಿಗೂ ಕೆಲಸವುಂಟು.

ರೈಲ್ವೆಯವರು 2022ರಲ್ಲಿ ಪ್ರಾರಂಭಿಸಿದ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಯೋಜನೆಯು ಸ್ಥಳೀಯ ಕುಶಲ ವಸ್ತುಗಳ ಮಾರಾಟಕ್ಕೆಂದೇ ಏರ್ಪಟ್ಟದ್ದು. ಅಂತಹ ಮಳಿಗೆಯಲ್ಲಿ ಊರಿನ ಹೆಸರಿನ ಬಿಲ್ಲೆಯನ್ನಿಡುವುದಾದರೆ ಅದು ಆ ಊರಿನಲ್ಲೇ ತಯಾರಾದುದಾಗಿರಬೇಕೆಂದು ನಿಬಂಧನೆ ಮಾಡುವುದು ಕಷ್ಟವೇನಲ್ಲ. ಸಭೆ ಸಮಾರಂಭಗಳಲ್ಲಿ ಅತಿಥಿಗಳಿಗೆ ಫಲಕಗಳನ್ನು ಹಂಚುವ ನಗರಸಭೆಗಳೂ ಜಿಲ್ಲಾಡಳಿತಗಳೂ ಆ ಮೊಬಲಗಿನಲ್ಲಿ ಒಂದು ಭಾಗವನ್ನು ಇತ್ತ ತಿರುಗಿಸಬಹುದು. ಬೆಲೆಯು ಕೆಲವು ರೂಪಾಯಿ ಹೆಚ್ಚಾದೀತು. ಮಾಡಿದವನ ಹೆಸರನ್ನೂ ಬೀದಿಯನ್ನೂ ಬೆನ್ನಿನ ಮೇಲೆ ಬರೆಯಿಸಿದರೆ, ಆ ಹೆಚ್ಚಿನ ಬೆಲೆಯೇತಕ್ಕೆಂದು ಯಾರೂ ಕೇಳಲಾರರು.